ಸೆಲ್ ಮತ್ತು ಜೀನ್ ಥೆರಪಿ ಥೀಸಿಸ್: ಊರಿಗೆ ಬಂದು ಬರೆದು ಮುಗಿಸುವುದು ಹೇಗೆ

ಲ್ಯಾಬ್ ಕೆಲಸ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಮುಗಿದಿರುತ್ತದೆ, ಫೆಲೋಶಿಪ್ ನಿಂತಿರುತ್ತದೆ, ಇನ್ನು ಶಿರಸಿಗೋ ಕುಮಟಾಕ್ಕೋ ಕಾರವಾರಕ್ಕೋ ಬಂದು ಮನೆಯಲ್ಲಿ ಕೂತು ಬರೆಯಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಹುಡುಗ ಹುಡುಗಿಯರ ಪಿಎಚ್‌ಡಿ ಈ ಹಂತದಲ್ಲೇ ನಿಂತುಹೋಗುತ್ತದೆ. ಪ್ರಯೋಗ ಆಗಿದೆ, ಡೇಟಾ ಇದೆ, ಪುಸ್ತಕ ಮಾತ್ರ ಆಗುತ್ತಿಲ್ಲ. ಅಂಥವರಲ್ಲಿ ಸೆಲ್ ಮತ್ತು ಜೀನ್ ಥೆರಪಿ, ಅಂದರೆ ಜೀವಂತ ಸೆಲ್ಲನ್ನೋ ಜೀನನ್ನೋ ಔಷಧಿಯಾಗಿ ಕೊಡುವ ಚಿಕಿತ್ಸೆ, ಅದರ ಮೇಲೆ ಕೆಲಸ ಮಾಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಂಎಸ್ಸಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರಿಗೂ ಬಹುಪಾಲು ಇದೇ ದಾರಿ.

ಲ್ಯಾಬ್ ಬಿಡುವ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಊರಿಗೆ ಬಂದ ಮೇಲೆ ಫ್ರೀಜರ್ ಬಾಗಿಲು ತೆಗೆದು ಟ್ಯೂಬಿನ ಮೇಲೆ ಏನು ಬರೆದಿದೆ ಅಂತ ನೋಡೋಕೆ ಆಗಲ್ಲ. ಹಾಗಾಗಿ ಫ್ಲೋ ಸೈಟೋಮೀಟರ್‌ನ (ಸೆಲ್‌ಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಮೂಲ ಫೈಲುಗಳು, ಬರೀ ಚಿತ್ರಗಳಲ್ಲ, ಲ್ಯಾಬ್ ನೋಟ್‌ಬುಕ್ಕಿನ ಪ್ರತಿ ಪುಟದ ಸ್ಕ್ಯಾನ್, ಪ್ಲಾಸ್ಮಿಡ್ ಮ್ಯಾಪ್ (ಬಳಸಿದ ಡಿಎನ್‌ಎ ಉಂಗುರದ ನಕ್ಷೆ), ಆಂಟಿಬಾಡಿಗಳ ಕ್ಲೋನ್ ಹೆಸರು, ಸೀರಮ್ಮಿನ ಲಾಟ್ ನಂಬರ್, ಎಥಿಕ್ಸ್ ಕಮಿಟಿ ಮತ್ತು ಬಯೋಸೇಫ್ಟಿ ಕಮಿಟಿಯ ಅನುಮತಿ ಪತ್ರಗಳು, ಇಷ್ಟನ್ನೂ ಗೈಡ್ ಒಪ್ಪಿಗೆ ಪಡೆದು ತೆಗೆದುಕೊಂಡು ಬನ್ನಿ. ರೋಗಿಗಳ ಹೆಸರು, ಆಸ್ಪತ್ರೆ ನಂಬರ್ ಇರುವ ಯಾವ ಹಾಳೆಯೂ ನಿಮ್ಮ ಲ್ಯಾಪ್‌ಟಾಪಿಗೆ ಬರಬಾರದು. ಕೋಡ್ ಹಾಕಿದ ಡೋನರ್ ಪಟ್ಟಿ ಸಾಕು.

ಆಮೇಲೆ ನಿಮ್ಮ ಪ್ರಶ್ನೆಯನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಬರೆಯಿರಿ. 'ಕಾರ್-ಟಿ ಸೆಲ್‌ಗಳ ಬಗ್ಗೆ ಅಧ್ಯಯನ' ಎಂದರೆ ಅದು ಪ್ರಶ್ನೆಯಲ್ಲ. (ಕಾರ್-ಟಿ ಅಂದರೆ ಲ್ಯುಕೇಮಿಯಾದಂಥ ರಕ್ತ ಕ್ಯಾನ್ಸರ್ ಸೆಲ್‌ಗಳನ್ನು ಗುರುತಿಸಿ ಕೊಲ್ಲುವಂತೆ ಜೀನ್ ಸೇರಿಸಿ ಬದಲಿಸಿದ ರೋಗನಿರೋಧಕ ಸೆಲ್.) 'ಫ್ರೀಜ್ ಮಾಡಿ ಕರಗಿಸಿದ ಕಾರ್-ಟಿ ಸೆಲ್‌ಗಳು ತಾಜಾ ಸೆಲ್‌ಗಳಷ್ಟೇ ಚೆನ್ನಾಗಿ ಲ್ಯುಕೇಮಿಯಾ ಸೆಲ್‌ಗಳನ್ನು ಕೊಲ್ಲುತ್ತವೆಯೇ?' ಇದು ಪ್ರಶ್ನೆ. ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಪದಗಳ ಹಿಂದೆ ಬಚ್ಚಿಟ್ಟುಕೊಳ್ಳಬಹುದು, ಮನೆಮಾತಿನಲ್ಲಿ ಅದು ಆಗುವುದಿಲ್ಲ. ಈ ವಾಕ್ಯಕ್ಕೆ ಉತ್ತರ ಕೊಡದ ಡೇಟಾ ಎಷ್ಟೇ ಚೆಂದ ಇದ್ದರೂ ಅನುಬಂಧಕ್ಕೆ ಹಾಕಿ. ಬೇಜಾರಾಗುತ್ತದೆ, ಆದರೂ ಹಾಕಿ.

ಬರೆಯಲು ಶುರು ಮಾಡುವುದು ಪೀಠಿಕೆಯಿಂದ ಬೇಡ, ಮೆಥಡ್ಸ್‌ನಿಂದ. ಬೇರೆ ವಿಷಯಗಳಲ್ಲಿ ಮೆಥಡ್ಸ್ ಅಂದರೆ ಯಾರೂ ಓದದ ಅಧ್ಯಾಯ ಅನ್ನುತ್ತಾರೆ, ಇಲ್ಲಿ ಹಾಗಲ್ಲ. ಮಾತ್ರೆಯಾದರೆ ಅದರ ರಾಸಾಯನಿಕ ಸೂತ್ರ ಬರೆದರೆ ಯಾವ ವಸ್ತು ಅಂತ ಗೊತ್ತಾಗುತ್ತದೆ. ಜೀವಂತ ಸೆಲ್ಲೇ ಔಷಧಿಯಾದಾಗ ಅದನ್ನು ಬೆಳೆಸಿದ ವಿಧಾನ ಬದಲಾದರೆ ಔಷಧಿಯೇ ಬದಲಾಗುತ್ತದೆ. ನಿಮ್ಮ ಥೀಸಿಸ್ ಓದಿ ಇನ್ನೊಬ್ಬರು ಅದೇ ಸೆಲ್ ತಯಾರಿಸಲು ಸಾಧ್ಯವಾಗಬೇಕು. ನನ್ನ ಪ್ರಕಾರ ಈ ಕ್ಷೇತ್ರದ ಥೀಸಿಸ್‌ಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಕರಗಿಸುವ ಹಂತವನ್ನೇ ತೆಗೆದುಕೊಳ್ಳಿ. ತುಂಬಾ ಜನ 'ಸೆಲ್‌ಗಳನ್ನು ಕರಗಿಸಿ ಎಣಿಸಲಾಯಿತು' ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಆದರೆ ಓದುವವರಿಗೆ ಬೇಕಾದದ್ದು ಜಾಸ್ತಿ ಇದೆ. ಫ್ರೀಜ್ ಮಾಡಿದ್ದು 10% ಡಿಎಂಎಸ್‌ಒನಲ್ಲೋ 5%ನಲ್ಲೋ (ಹೆಪ್ಪುಗಟ್ಟುವಾಗ ಸೆಲ್ ಹಾಳಾಗದಂತೆ ಕಾಯುವ ದ್ರವ ಅದು)? ನಿಮಿಷಕ್ಕೆ 1 ಡಿಗ್ರಿಯಂತೆ ನಿಧಾನಕ್ಕೆ ತಂಪು ಮಾಡಿದಿರೋ, ಸುಮ್ನೆ ಮೈನಸ್ 80ರಲ್ಲಿ ಇಟ್ಟಿರೋ? ಅಲ್ಲಿಂದ ಲಿಕ್ವಿಡ್ ನೈಟ್ರೋಜನ್‌ಗೆ ಯಾವಾಗ ಹೋಯಿತು? 37 ಡಿಗ್ರಿ ವಾಟರ್ ಬಾತ್‌ನಲ್ಲಿ ಎಷ್ಟು ಹೊತ್ತು ಇತ್ತು, ಡಿಎಂಎಸ್‌ಒ ಎಷ್ಟು ಬೇಗ ತೊಳೆದಿರಿ? ಎಲ್ಲಕ್ಕಿಂತ ಮುಖ್ಯವಾಗಿ, ಎಣಿಸಿದ್ದು ಯಾವಾಗ? ಕರಗಿಸಿದ ತಕ್ಷಣ ಟ್ರೈಪಾನ್ ಬ್ಲೂ (ಸತ್ತ ಸೆಲ್‌ಗಳಿಗೆ ಮಾತ್ರ ಹತ್ತುವ ನೀಲಿ ಬಣ್ಣ) ಹಾಕಿ ನೋಡಿದರೆ ಬಹಳಷ್ಟು ಸೆಲ್‌ಗಳು ಬದುಕಿದಂತೆಯೇ ಕಾಣುತ್ತವೆ. ಅವುಗಳಲ್ಲಿ ಕೆಲವು ಒಳಗೊಳಗೇ ಸಾಯಲು ಶುರುವಾಗಿರುತ್ತವೆ, ಮರುದಿನ ಎಣಿಸಿದರೆ ಸಂಖ್ಯೆ ಇಳಿದಿರುತ್ತದೆ. ಎರಡೂ ಸಂಖ್ಯೆ ಇದ್ದರೆ ಎರಡನ್ನೂ ಕೊಡಿ. ತಕ್ಷಣದ್ದು ಮಾತ್ರ ಇದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ. ಚಿಕಿತ್ಸೆಗೆ ಬಳಸುವ ಸೆಲ್‌ಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 70% ಬದುಕಿರಬೇಕು ಅನ್ನುವ ಅಳತೆ ಇದೆ, ನಿಮ್ಮ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಇಟ್ಟು ತೋರಿಸಿ.

ವೈರಸ್ ವೆಕ್ಟರ್ (ಜೀನನ್ನು ಸೆಲ್ಲಿನೊಳಗೆ ಒಯ್ಯಲು ಬದಲಿಸಿದ ವೈರಸ್) ಬಳಸಿದವರು ಎಂಒಐ (ಒಂದು ಸೆಲ್‌ಗೆ ಎಷ್ಟು ವೈರಸ್ ಕಣ ಹಾಕಿದಿರಿ ಅನ್ನುವ ಲೆಕ್ಕ), ಟೈಟರ್ (ದ್ರಾವಣದಲ್ಲಿ ವೈರಸ್ ಎಷ್ಟಿದೆ ಅನ್ನುವುದು) ಅಳೆದ ರೀತಿ, ಒಂದು ಸೆಲ್‌ಗೆ ಸರಾಸರಿ ಎಷ್ಟು ವೆಕ್ಟರ್ ಕಾಪಿ, ಇದನ್ನು ಬಿಡಬಾರದು. ಎಎವಿ ಎಂಬ ಪುಟ್ಟ ವೈರಸ್ ಆದರೆ ಜೀನ್ ಉದ್ದವನ್ನೂ ಬರೆಯಿರಿ, ಅದರೊಳಗೆ ಸುಮಾರು 4.7 ಕಿಲೋಬೇಸ್‌ಗಿಂತ ಜಾಸ್ತಿ ಹಿಡಿಸುವುದಿಲ್ಲ. ಮೆಸೆಂಕೈಮಲ್ ಸೆಲ್ (ಮೂಳೆಮಜ್ಜೆ, ಕೊಬ್ಬಿನಂಥ ಕಡೆ ಸಿಗುವ ಸೆಲ್) ಮೇಲೆ ಕೆಲಸ ಮಾಡಿದವರಿಗೆ 2006ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಇದೆ: ಪ್ಲಾಸ್ಟಿಕ್‌ಗೆ ಅಂಟಿಕೊಳ್ಳಬೇಕು, ಸಿಡಿ73, ಸಿಡಿ90, ಸಿಡಿ105 ಎಂಬ ಮೇಲ್ಮೈ ಗುರುತುಗಳು ಮೂರೂ ಕನಿಷ್ಠ 95% ಸೆಲ್‌ಗಳಲ್ಲಿ ಇರಬೇಕು, ಮೂಳೆ, ಕೊಬ್ಬು, ಮೃದ್ವಸ್ಥಿ ಮೂರೂ ಆಗಿ ಬೆಳೆಯಬೇಕು. ಎಕ್ಸಾಮಿನರ್ ಮೊದಲು ಹುಡುಕುವುದೇ ಇವುಗಳ ಟೇಬಲ್.

ಈಗ ರಿಸಲ್ಟ್ಸ್. ಇಲ್ಲಿ ಥೀಸಿಸ್ ವಾಪಸ್ ಬರುವುದಕ್ಕೆ ದೊಡ್ಡ ಕಾರಣ ಒಂದೇ, ಎನ್, ಅಂದರೆ ಬೇರೆ ಬೇರೆ ಮಾದರಿಗಳ ಸಂಖ್ಯೆ, ಎಷ್ಟು ಅನ್ನುವುದು. ಒಬ್ಬ ಡೋನರ್ ರಕ್ತದಿಂದ ತೆಗೆದ ಸೆಲ್‌ಗಳನ್ನು ಪ್ಲೇಟಿನ ಮೂರು ವೆಲ್‌ಗಳಲ್ಲಿ (ಪುಟ್ಟ ಗುಳಿಗಳಲ್ಲಿ) ಹಾಕಿ 'ಎನ್ = 3' ಎಂದು ಬರೆಯುವುದು. ಒಂದೇ ಮರದ ಮೂರು ಅಡಿಕೆ ಸುಲಿದು ನೋಡಿ ಇಡೀ ತೋಟದ ಫಸಲು ಹೀಗೇ ಅಂದರೆ ನಮ್ಮೂರಲ್ಲಿ ಯಾರಾದರೂ ಒಪ್ಪುತ್ತಾರಾ? ಡೋನರ್ ಸಂಖ್ಯೆಯೇ ಎನ್. ಮೂರು ವೆಲ್‌ಗಳ ಸರಾಸರಿ ಸೇರಿ ಒಂದು ಬಿಂದು. ಬಾರ್ ಗ್ರಾಫ್ ಬೇಡ, ಪ್ರತಿ ಡೋನರ್‌ಗೂ ಒಂದು ಚುಕ್ಕೆ ಹಾಕಿ, ಅದೇ ಡೋನರ್‌ನ ತಾಜಾ ಮತ್ತು ಫ್ರೀಜ್ ಮಾಡಿದ ಸೆಲ್‌ಗಳ ಚುಕ್ಕೆಗಳನ್ನು ಗೆರೆಯಿಂದ ಜೋಡಿಸಿ. ಒಬ್ಬ ಡೋನರ್‌ನ ಸೆಲ್‌ಗಳು ಉಳಿದವರಿಗಿಂತ ಬೇರೆಯಾಗಿ ವರ್ತಿಸಿದ್ದರೆ ಆ ಚುಕ್ಕೆಯನ್ನು ತೆಗೆಯಬೇಡಿ. ರೋಗಿಗಳೂ ಹೀಗೇ ಒಬ್ಬರಂತೆ ಒಬ್ಬರು ಇರುವುದಿಲ್ಲ ಅಲ್ವಾ? ಚರ್ಚೆಗೆ ನಿಮಗೆ ಸಿಗುವ ಒಳ್ಳೆಯ ವಿಷಯ ಅದೇ ಚುಕ್ಕೆ. ಫ್ಲೋ ಚಿತ್ರಗಳಿಗೆ ಗೇಟ್ ಹಾಕಿದ (ಬೇಕಾದ ಸೆಲ್‌ಗಳನ್ನು ಆರಿಸಿಕೊಂಡ) ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಪೂರ್ತಿ ತೋರಿಸಿ, ಕಂಟ್ರೋಲ್ ಜೊತೆಗೇ.

ಪೀಠಿಕೆ ಇದೆಲ್ಲ ಆದ ಮೇಲೆ. ಇಡೀ ಕ್ಷೇತ್ರದ ಚರಿತ್ರೆ ಬರೆಯಲು ಹೋದರೆ ಮುಗಿಯುವುದಿಲ್ಲ. ನಿಮ್ಮ ಪ್ರಶ್ನೆಗೆ ಬೇಕಾದ ಘಟನೆಗಳನ್ನು ಮಾತ್ರ ಆರಿಸಿ. ಸುರಕ್ಷತೆ ನಿಮ್ಮ ವಿಷಯವಾದರೆ 1999ರಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ ಯುವಕ ಅಮೆರಿಕದ ಜೀನ್ ಥೆರಪಿ ಟ್ರಯಲ್ ಒಂದರಲ್ಲಿ ತೀರಿಕೊಂಡಿದ್ದು, ಅದಾದ ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಟ್ರಯಲ್‌ನಲ್ಲಿ ವೆಕ್ಟರ್ ಎಲ್‌ಎಂಒ2 ಎಂಬ, ಕ್ಯಾನ್ಸರ್ ಹುಟ್ಟಿಸಬಲ್ಲ ಜೀನ್ ಹತ್ತಿರ ಸೇರಿ ಮಕ್ಕಳಿಗೆ ಲ್ಯುಕೇಮಿಯಾ ಬಂದಿದ್ದು, ಇವು ಬೇಕು. ಕಾರ್-ಟಿ ಆದರೆ 2017ರಲ್ಲಿ ಅಮೆರಿಕದಲ್ಲಿ ಕಿಮ್ರಿಯಾ ಎಂಬ ಕಾರ್-ಟಿ ಔಷಧಿಗೆ ಸಿಕ್ಕ ಒಪ್ಪಿಗೆ, 2023ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ನೆಕ್ಸ್‌ಕಾರ್19ಗೆ ಸಿಕ್ಕ ಒಪ್ಪಿಗೆ. ಅದು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ್ದು. ವೆಲ್ಲೂರಿನ ಸಿಎಂಸಿಯವರು ಹಿಮೋಫೀಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದ ಐದು ಜನರಿಗೆ ಲೆಂಟಿವೈರಸ್ ವೆಕ್ಟರ್ ಮೂಲಕ ಕೊಟ್ಟ ಜೀನ್ ಥೆರಪಿಯ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಗಿದೆ. ನಮ್ಮಲ್ಲಿ ಆದ ಕೆಲಸವನ್ನು ಬಿಟ್ಟು ಬರೀ ಹೊರಗಿನದನ್ನೇ ಉಲ್ಲೇಖಿಸುವ ಥೀಸಿಸ್‌ಗಳನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಇನ್ನೊಂದು, ಇಂಥ ದಿನದ ನಂತರ ಬಂದ ಪೇಪರ್ ಸೇರಿಸುವುದಿಲ್ಲ ಎಂದು ತಾರೀಖು ಹಾಕಿಕೊಂಡು ಅದನ್ನು ಥೀಸಿಸ್‌ನಲ್ಲೇ ಬರೆಯಿರಿ. ಈ ಕ್ಷೇತ್ರದಲ್ಲಿ ವಾರಕ್ಕೊಂದು ಹೊಸ ಸುದ್ದಿ ಬರುತ್ತದೆ, ಬೆನ್ನು ಹತ್ತಿದರೆ ಸಬ್ಮಿಟ್ ಆಗುವುದಿಲ್ಲ.

ನಿಯಮಗಳ ಭಾಗ ಚಿಕ್ಕದಾದರೂ ಇರಲಿ: ಸ್ಟೆಮ್ ಸೆಲ್‌ಗೆ 2017ರ ರಾಷ್ಟ್ರೀಯ ಮಾರ್ಗಸೂಚಿ, ಜೀನ್ ಥೆರಪಿಗೆ 2019ರ ಮಾರ್ಗಸೂಚಿ, ಟ್ರಯಲ್‌ಗಳಿಗೆ 2019ರ ಹೊಸ ಔಷಧ ನಿಯಮಗಳು.

ಚರ್ಚೆಯ ಅಧ್ಯಾಯದಲ್ಲಿ ಒಂದು ಮಾತು ಮನಸ್ಸಿಟ್ಟು ಬರೆಯಿರಿ: ಈ ಚಿಕಿತ್ಸೆ ಯಾರಿಗೆ ತಲುಪುತ್ತದೆ? ನಮ್ಮ ಜಿಲ್ಲೆಯ ಜನ ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುತ್ತಾರೆ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೇಳುತ್ತಲೇ ಇದ್ದಾರೆ. ಕಾರ್-ಟಿ ಪಡೆದವರು ಆಸ್ಪತ್ರೆ ಹತ್ತಿರವೇ ವಾರಗಟ್ಟಲೆ ಇರಬೇಕು. ಅಮೆರಿಕದಲ್ಲಿ ನಾಲ್ಕು ವಾರ ಅಂತ ಇದ್ದದ್ದನ್ನು 2025ರಲ್ಲಿ ಎರಡಕ್ಕೆ ಇಳಿಸಿದ್ದಾರೆ. ಅಷ್ಟು ದಿನ ಮನೆಯವರೊಬ್ಬರು ಜೊತೆಗಿರಬೇಕು, ಬಾಡಿಗೆ ಕೊಡಬೇಕು, ಕೂಲಿ ಬಿಡಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಅಂಥ ಹೊತ್ತಿನಲ್ಲಿ ಜ್ವರ ಬಂದ ರೋಗಿಯನ್ನು ಕರೆದೊಯ್ಯುವುದು ಹೇಗೆ? ನಿಮ್ಮ ಸೆಲ್ ಫ್ರೀಜ್ ಆಗಿಯೂ ಚೆನ್ನಾಗಿ ಕೆಲಸ ಮಾಡಿದ್ದರೆ ಅದರ ಬೆಲೆ ಇಲ್ಲಿ ಗೊತ್ತಾಗುತ್ತದೆ, ರೋಗಿಯ ಅನುಕೂಲ ನೋಡಿ ಕೊಡುವ ದಿನ ಗೊತ್ತುಮಾಡಬಹುದು. ಆದರೆ ಪ್ಲೇಟಿನಲ್ಲಿ ಕಂಡಿದ್ದನ್ನು 'ಗುಣವಾಗುತ್ತದೆ' ಎಂದು ಬರೆಯಬೇಡಿ. ಸ್ಟೆಮ್ ಸೆಲ್ ಹೆಸರಲ್ಲಿ ಪುರಾವೆ ಇಲ್ಲದ ಚಿಕಿತ್ಸೆ ಮಾರುವವರು ಇದ್ದಾರೆ, ಅವರಿಗೆ ನಿಮ್ಮ ವಾಕ್ಯ ಜಾಹೀರಾತಾಗಬಾರದು.

ಮಳೆಗಾಲದಲ್ಲಿ ಬರೆಯುವವರಿಗೆ ಬೇರೆ ಹೇಳಬೇಕಾ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಾಳಿ ಬಂದರೆ ಕರೆಂಟ್ ಹೋಯಿತು, ಕರೆಂಟ್ ಹೋದರೆ ಟವರೂ ಹೋಯಿತು. ಬೇಕಾದ ಪೇಪರುಗಳನ್ನು ಮೊದಲೇ ಇಳಿಸಿಕೊಳ್ಳಿ, ಜೊಟೆರೋದಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಉಲ್ಲೇಖಗಳನ್ನು ಜೋಡಿಸಿಡಿ, ದಿನಾ ಸಂಜೆ ಪೆನ್‌ಡ್ರೈವ್‌ಗೆ ಒಂದು ಪ್ರತಿ, ನೆಟ್ ಸಿಕ್ಕಾಗ ಕ್ಲೌಡ್‌ಗೆ ಒಂದು. ಗೈಡ್‌ಗೆ ಇಡೀ ಥೀಸಿಸ್ ಒಟ್ಟಿಗೆ ಕಳಿಸಬೇಡಿ. ಒಂದೊಂದೇ ಅಧ್ಯಾಯ, ಕೆಳಗೆ ನಿಮಗೆ ಉತ್ತರ ಬೇಕಾದ ಎರಡು ಮೂರು ಪ್ರಶ್ನೆ. ಹೀಗೆ ಕಳಿಸಿದರೆ ಬೇಗ ಓದುತ್ತಾರೆ.

ಸಬ್ಮಿಷನ್ ಲೆಕ್ಕವೂ ಗೊತ್ತಿರಲಿ. 2022ರ ಯುಜಿಸಿ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6, ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ. ಮಹಿಳೆಯರಿಗೆ ಮತ್ತೂ 2 ವರ್ಷ ಸಿಗುತ್ತದೆ, ಮದುವೆ ಬಾಣಂತನದ ನಡುವೆ ನಿಂತುಹೋದವರು ಕೈಬಿಡುವ ಮೊದಲು ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಕೃತಿಚೌರ್ಯದ ತಪಾಸಣೆಯಲ್ಲಿ ಹೋಲಿಕೆ 10% ಒಳಗಿದ್ದರೆ ದಂಡವಿಲ್ಲ, 10ರಿಂದ 40%ವರೆಗೆ ತಿದ್ದಿ ಮತ್ತೆ ಕೊಡಬೇಕು, 60% ದಾಟಿದರೆ ನೋಂದಣಿಯೇ ರದ್ದು. ನಮ್ಮಲ್ಲಿ ಹೋಲಿಕೆ ಏರುವುದು ಹೆಚ್ಚಾಗಿ ಮೆಥಡ್ಸ್‌ನಲ್ಲಿ, ಕಿಟ್ ಜೊತೆ ಬಂದ ಕಾಗದದ ಸಾಲುಗಳನ್ನೇ ಇಳಿಸಿರುತ್ತಾರೆ. ನೀವು ಕೈಯಾರೆ ಮಾಡಿದ್ದನ್ನು ಮಾಡಿದ ಹಾಗೆ ಬರೆದರೆ ಆ ತೊಂದರೆ ಬರುವುದಿಲ್ಲ.

ವೈವಾಕ್ಕೆ ಹೋಗುವಾಗ ಮೂರು ಪ್ರಶ್ನೆಗಳಿಗೆ ಉತ್ತರ ಬಾಯಲ್ಲಿರಲಿ: ಈ ಡೋನರ್‌ಗಳನ್ನೇ ಯಾಕೆ ಆರಿಸಿದಿರಿ, ಇಷ್ಟೇ ಎಂಒಐ ಯಾಕೆ, ಆ ಒಂದು ಬೇರೆ ಚುಕ್ಕೆ ಯಾಕೆ ಹಾಗೆ ಬಂತು. ನೋಟ್‌ಬುಕ್ಕಿನ ಆ ಪುಟಗಳ ಪ್ರತಿ ಜೊತೆಗೆ ತೆಗೆದುಕೊಂಡು ಹೋಗಿ, ಕೇಳಿದರೆ ತೆಗೆದು ತೋರಿಸಿ.