ಸೌರಮಾರುತದ ನಕ್ಷೆಯಲ್ಲಿ ವೇಗದ ಪ್ರವಾಹವನ್ನು ಗುರುತಿಸುವ ಬಗೆ

ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನಲ್ಲಿರುವ (ಭೂಮಿಯ ಜೊತೆಗೇ ಸೂರ್ಯನನ್ನು ಸುತ್ತುತ್ತ ನೌಕೆ ನಿಲ್ಲಬಲ್ಲ ತಾಣ) ನೌಕೆಗಳು ಸೌರಮಾರುತದ, ಅಂದರೆ ಸೂರ್ಯನಿಂದ ಸದಾ ಹೊರಹರಿಯುವ ವಿದ್ಯುದಾವಿಷ್ಟ ಕಣಗಳ ಪ್ರವಾಹದ, ಬಗ್ಗೆ ಕಳಿಸಿದ ಮಾಹಿತಿಯನ್ನು ತೆರೆದಾಗ ಕಣ್ಣು ಸಹಜವಾಗಿ ವೇಗದ ಗೆರೆಯ ಮೇಲೆ ಬೀಳುತ್ತದೆ. ಆದರೆ ಸಾಂದ್ರತೆಯಿಂದ ಆರಂಭಿಸುವುದು ಒಳಿತು. ವೇಗದ ಪ್ರವಾಹಕ್ಕಿಂತ ಮೊದಲು, ಅದು ದಾರಿಯುದ್ದಕ್ಕೂ ಒತ್ತಿ ತಂದ ರಾಶಿಯೇ ನಮ್ಮನ್ನು ತಲುಪುತ್ತದೆ.

ಕರೋನಾ ರಂಧ್ರಗಳಿಂದ (ಸೂರ್ಯನ ಹೊರ ವಾತಾವರಣದಲ್ಲಿ ಕಾಂತಕ್ಷೇತ್ರ ಹೊರಕ್ಕೆ ತೆರೆದಿರುವ ಪ್ರದೇಶಗಳಿಂದ) ಹೊರಡುವ ಮಾರುತದ ವೇಗ ಸೆಕೆಂಡಿಗೆ 600ರಿಂದ 800 ಕಿ.ಮೀ., ನಿಧಾನದ್ದು 300ರಿಂದ 400. ಸೂರ್ಯ ತಿರುಗುತ್ತಿರುವುದರಿಂದ ಒಂದೇ ದಿಕ್ಕಿನಲ್ಲಿ ನಿಧಾನದ್ದರ ಬೆನ್ನಿಗೆ ವೇಗದ್ದು ಹೊರಬೀಳುತ್ತದೆ. ಕಾಂತಕ್ಷೇತ್ರವು ಪ್ಲಾಸ್ಮಾದೊಂದಿಗೇ, ಅಂದರೆ ಮಾರುತದ ವಿದ್ಯುದಾವಿಷ್ಟ ಅನಿಲದೊಂದಿಗೇ, ಸಾಗುವ ಕಾರಣ ಅವು ಒಂದರೊಳಗೊಂದು ಬೆರೆಯಲಾರದೆ ಒತ್ತಿಕೊಳ್ಳುತ್ತವೆ. ಸೂರ್ಯನಿಂದ 0.29 ಖಗೋಳಮಾನದವರೆಗೆ (ಒಂದು ಖಗೋಳಮಾನವೆಂದರೆ ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ) ಹೋದ ಹೀಲಿಯಾಸ್ 2 ನೌಕೆಗೆ ಅಲ್ಲಿ ಕಂಡದ್ದು ವೇಗದ ಗೆರೆಯಲ್ಲಿ ಎರಡೂ ಅಂಚು ಕಡಿದಾದ, ಮೇಜಿನಂಥ ಏರಿಕೆ. ಭೂಮಿಯ ಬಳಿ ಮುಂಬದಿ ಮಾತ್ರ ಕಡಿದಾಗಿರುತ್ತದೆ, ಹಿಂಬದಿ ಹಿಗ್ಗಿ ದಿನಗಟ್ಟಲೆ ಇಳಿಯುತ್ತದೆ.

ಈಗ ಎಲ್ಲ ಗೆರೆಗಳನ್ನೂ ಒಂದೇ ಕಾಲಮಾನದಲ್ಲಿ ಒಂದರ ಕೆಳಗೊಂದು ಜೋಡಿಸಿ. ಸಾಂದ್ರತೆ ಏರಿ ನಿಂತ ಮೇಲೆ ಥಟ್ಟನೆ ಕುಸಿಯುವ ಕ್ಷಣದಲ್ಲಿಯೇ ತಾಪ ಜಿಗಿದಿದ್ದರೆ, ಕಾಂತಕ್ಷೇತ್ರವು ಅದರ ಆಸುಪಾಸಿನಲ್ಲಿ ಗರಿಷ್ಠವಾಗಿದ್ದರೆ ಮತ್ತು ಹರಿವಿನ ದಿಕ್ಕು ಪಶ್ಚಿಮದಿಂದ ಪೂರ್ವಕ್ಕೆ ವಾಲಿದ್ದರೆ, ಎರಡು ಮಾರುತಗಳ ನಡುವಿನ ಗಡಿ ಅದೇ. ವೇಗ ಗರಿಷ್ಠ ಮಟ್ಟ ಮುಟ್ಟುವುದು ಅದಾದ ಮೇಲೆ. ತಾಪ ತಗ್ಗಿ, ಬಲವಾದ ಕಾಂತಕ್ಷೇತ್ರ ನಯವಾಗಿ ದಿಕ್ಕು ಬದಲಿಸುತ್ತಿದ್ದರೆ ಅದು ಬಹುಶಃ ಸೌರಸ್ಫೋಟದ ಮೋಡ; ಇವೆರಡನ್ನು ಬೆರೆಸುವುದು ಹೊಸಬರು ಪದೇಪದೇ ಮಾಡುವ ತಪ್ಪು.

ಪ್ರವಾಹದ ಮೂಲವಾದ ರಂಧ್ರವನ್ನು ಹುಡುಕಲು, ಸೂರ್ಯನಿಂದ ಇಲ್ಲಿಗಿರುವ 15 ಕೋಟಿ ಕಿಲೋಮೀಟರನ್ನು ವೇಗದಿಂದ ಭಾಗಿಸಿ. ಸೆಕೆಂಡಿಗೆ 700 ಕಿ.ಮೀ. ಎಂದಾದರೆ ಪ್ರಯಾಣ ಸುಮಾರು ಎರಡೂವರೆ ದಿನ. ಅಷ್ಟರಲ್ಲಿ ನಮ್ಮ ಕಣ್ಣಿಗೆ ಸೂರ್ಯ 33 ಡಿಗ್ರಿಯಷ್ಟು ತಿರುಗಿರುತ್ತಾನೆ, ಆದ್ದರಿಂದ ರಂಧ್ರವನ್ನು ಬಿಂಬದ ನಡುಗೆರೆಗಿಂತ ಅಷ್ಟೇ ಪಶ್ಚಿಮಕ್ಕೆ ನೋಡಬೇಕು. ದಾರಿಯಲ್ಲಿ ವೇಗವೇ ಬದಲಾಗಿರುವುದರಿಂದ ಇದು ಒರಟು ಲೆಕ್ಕ. ರಂಧ್ರ ಉಳಿದಿದ್ದರೆ ಸುಮಾರು 27 ದಿನಗಳ ನಂತರ ಇದೇ ವಿನ್ಯಾಸ ಮರಳುತ್ತದೆ.

ಗುರುಗ್ರಹದಷ್ಟು ದೂರದ ಮಾಹಿತಿಯಾದರೆ ಹುಡುಕಬೇಕಾದದ್ದು ಎರಡು ಮೆಟ್ಟಿಲುಗಳನ್ನು. ಒತ್ತಡದ ರಾಶಿ ಎರಡೂ ಕಡೆಗೆ ಹರಡಿ, ಹೆಚ್ಚಾಗಿ 2 ಖಗೋಳಮಾನದಾಚೆ, ಆಘಾತ ತರಂಗಗಳಾಗಿರುತ್ತದೆ: ಮುಂದಿನದರಲ್ಲಿ ವೇಗ, ಸಾಂದ್ರತೆ, ತಾಪ, ಕಾಂತಕ್ಷೇತ್ರ ನಾಲ್ಕೂ ಜಿಗಿಯುತ್ತವೆ, ಹಿಂದಿನದರಲ್ಲಿ ವೇಗ ಮಾತ್ರ ಏರಿ ಉಳಿದವು ಬೀಳುತ್ತವೆ. ಇನ್ನೂ ಆಚೆಗೆ ಪ್ರವಾಹಗಳು ಒಂದಕ್ಕೊಂದು ಕೂಡಿಕೊಂಡು ವೇಗದ ಏರಿಳಿತ ಸವೆದುಹೋಗುವುದರಿಂದ, ಒಂದೊಂದು ರಂಧ್ರಕ್ಕೆ ಒಂದೊಂದು ಏರಿಕೆಯನ್ನು ಹೊಂದಿಸಲು ಅಲ್ಲಿ ಸಾಧ್ಯವಾಗುವುದಿಲ್ಲ.