ಪಿಎಚ್.ಡಿ.ಗೆ ಹೊರಡುವ ಕೊಡಗಿನ ಮಕ್ಕಳಿಗೆ

ಕಳೆದ ಜನವರಿಯಲ್ಲಿ ಸುಂಟಿಕೊಪ್ಪದ ಮನೆಗೆ ಬಂದಿದ್ದೆ. ಕೊಯ್ಲಿನ ಸಮಯ. ಕಣದಲ್ಲಿ ಅಪ್ಪನ ಜೊತೆ ಕಾಫಿ ಹರವುತ್ತಿದ್ದಾಗ ಪಕ್ಕದ ಮನೆ ಹುಡುಗಿ ಬಂದಳು. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. "ಅಕ್ಕ, ಹೊರಗಡೆ ಪಿಎಚ್.ಡಿ. ಮಾಡೋಕೆ ಎಷ್ಟು ಲಕ್ಷ ಬೇಕು? ಅಪ್ಪ ತೋಟದ ಮೇಲೆ ಸಾಲ ತೆಗೀತೀನಿ ಅಂತಿದ್ದಾರೆ" ಅಂದಳು. ಅವತ್ತು ಕಣದ ಕಟ್ಟೆ ಮೇಲೆ ಕೂತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಂ.ಎಸ್ಸಿ.ಗೆಂದು ಈಗಷ್ಟೇ ಯುರೋಪಿಗೆ ಬಂದಿಳಿದಿರುವ ನಮ್ಮೂರಿನವರಿಗೂ ಇದೇ ಮಾತು.

ತೋಟ ಅಡ ಇಡಬೇಡಿ. ಕೃಷಿ, ಆಹಾರ, ಪರಿಸರದ ವಿಷಯಗಳಲ್ಲಿ ಪಿಎಚ್.ಡಿ. ಎಂದರೆ ಇಲ್ಲಿ ಹೆಚ್ಚಾಗಿ ಸಂಬಳದ ಕೆಲಸ. ನಾನಿರುವ ನೆದರ್‌ಲ್ಯಾಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯದಲ್ಲಿ ಅದು 4 ವರ್ಷದ ನೌಕರಿ. ಮೊದಲು ಒಂದೂವರೆ ವರ್ಷದ ಒಳಗೆ ನಿಮ್ಮ ಕೆಲಸ ನೋಡುತ್ತಾರೆ, ಸರಿ ಅನಿಸಿದರೆ ಒಪ್ಪಂದ ಮುಂದುವರಿಯುತ್ತದೆ. ಸ್ವೀಡನ್ನಿನ ಉಪ್ಸಾಲಾದ ಕೃಷಿ ವಿಶ್ವವಿದ್ಯಾಲಯದಲ್ಲೂ 4 ವರ್ಷ, ಡೆನ್ಮಾರ್ಕಿನಲ್ಲಿ 3. ಜರ್ಮನಿಯ ಹೋಹೆನ್‌ಹೈಮ್, ಗಟಿಂಗನ್ ವಿಶ್ವವಿದ್ಯಾಲಯಗಳ ಕಡೆ ಎಷ್ಟೋ ಸಲ ಪೂರ್ತಿ ಸಂಬಳ ಇರುವುದಿಲ್ಲ. ಶೇ. 65 ಅಂತ ಜಾಹೀರಾತಿನಲ್ಲೇ ಬರೆದಿರುತ್ತಾರೆ, ಒಬ್ಬರ ಜೀವನಕ್ಕೆ ಸಾಕು. ಅಮೆರಿಕದಲ್ಲಿ ಅಸಿಸ್ಟೆಂಟ್‌ಶಿಪ್ (ಪಾಠ ಅಥವಾ ಸಂಶೋಧನೆಯಲ್ಲಿ ಪ್ರೊಫೆಸರ್‌ಗೆ ನೆರವಾಗುವ ಕೆಲಸ) ಸಿಕ್ಕರೆ ಫೀಸು ಮಾಫಿ, ಜೊತೆಗೆ ಸ್ಟೈಪೆಂಡ್. ಅಲ್ಲಿ ಅರ್ಜಿಯ ಕೊನೆ ದಿನ ಹೆಚ್ಚಾಗಿ ಡಿಸೆಂಬರ್‌ನಲ್ಲಿ ಬರುತ್ತದೆ, ಹಾಗಾಗಿ ಪ್ರೊಫೆಸರ್‌ಗಳಿಗೆ ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಬರೆಯಬೇಕು.

ಯುರೋಪಿನ ಹುದ್ದೆಗಳು ಯೂರಾಕ್ಸೆಸ್‌ನಲ್ಲಿ, ಡಚ್ ಹುದ್ದೆಗಳು ಅಕಾಡೆಮಿಕ್ ಟ್ರಾನ್ಸ್‌ಫರ್‌ನಲ್ಲಿ ಬರುತ್ತವೆ, ಎರಡೂ ವೆಬ್‌ಸೈಟ್‌ಗಳು. ನೋಡುವುದಕ್ಕೆ ದುಡ್ಡಿಲ್ಲ. ನಮ್ಮ ಪರಿಚಯದ ಒಬ್ಬ ಹುಡುಗ ಇದೇ ಜಾಹೀರಾತುಗಳನ್ನು ತೋರಿಸಿದ ಏಜೆಂಟನಿಗೆ ಒಂದು ಲಕ್ಷ ಕೊಟ್ಟ. ಅದು ಅವರ ಮನೆಯ ಆ ವರ್ಷದ ಮೆಣಸಿನ ದುಡ್ಡು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗಾಗಲೇ ಯುರೋಪಿನಲ್ಲಿ ಇರುವವರು ಒಂದು ನಿಯಮ ತಿಳಿದಿರಲೇಬೇಕು. ಐರೋಪ್ಯ ಒಕ್ಕೂಟದ ಮಾರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ (ಬೇರೆ ಬೇರೆ ದೇಶಗಳ ಸಂಸ್ಥೆಗಳು ಸೇರಿ ನಡೆಸುವ ಪಿಎಚ್.ಡಿ. ಯೋಜನೆ) ಹುದ್ದೆಗಳಿಗೆ ಒಳ್ಳೆಯ ಸಂಬಳ ಇದೆ. ಆದರೆ ಹುದ್ದೆ ಇರುವ ದೇಶದಲ್ಲಿ ನೀವು ಕೆಲಸಕ್ಕೆ ಸೇರುವ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನೆದರ್‌ಲ್ಯಾಂಡ್ಸ್‌ನಲ್ಲಿ 2 ವರ್ಷದ ಎಂ.ಎಸ್ಸಿ. ಈಗಷ್ಟೇ ಮುಗಿಸಿದವರಿಗೆ ಇಲ್ಲಿನ ಹುದ್ದೆ ಸಿಗುವುದಿಲ್ಲ, ಸ್ಪೇನ್ ಅಥವಾ ಡೆನ್ಮಾರ್ಕಿನದು ಸಿಗಬಹುದು. ಊರಿಂದ ನೇರವಾಗಿ ಅರ್ಜಿ ಹಾಕುವವರಿಗೆ ಈ ತೊಡಕೇ ಇಲ್ಲ.

ಇನ್ನು ಪ್ರೊಫೆಸರ್‌ಗಳಿಗೆ ಬರೆಯುವ ಪತ್ರದ ವಿಷಯ. ನಾನು ಮೊದಲ ವರ್ಷ ಒಂದೇ ಪತ್ರವನ್ನು 40 ಜನಕ್ಕೆ ಕಳಿಸಿದ್ದೆ. "ಸುಸ್ಥಿರ ಕೃಷಿಯಲ್ಲಿ ನನಗೆ ಅಪಾರ ಆಸಕ್ತಿ" ಅಂತ ಶುರು. ಒಬ್ಬರೂ ಉತ್ತರ ಬರೆಯಲಿಲ್ಲ, ತುಂಬಾ ಬೇಜಾರಾಗಿತ್ತು. ಮರುವರ್ಷ ಒಬ್ಬರಿಗೆ ಮಾತ್ರ ಬರೆದೆ. ಅಜ್ಜ ಹಾಕಿದ ಅರೇಬಿಕಾ ಕಾಫಿಯನ್ನು ಕಾಂಡಕೊರಕ ಹುಳುವಿನ ಕಾಟಕ್ಕೆ ಅಪ್ಪ ಕಿತ್ತಿದ್ದು, ರೋಬಸ್ಟಾ ಹಾಕಿದ್ದು, ಅದಕ್ಕೆ ಅಷ್ಟು ನೆರಳು ಬೇಡ ಅಂತ ಹಲಸು, ಅತ್ತಿ ಹೋಗಿ ಸಿಲ್ವರ್ ಓಕ್ ಬಂದಿದ್ದು. ಆ ಮರಗಳ ಜೊತೆ ಮಣ್ಣಿನಲ್ಲಿ ಏನೇನು ಹೋಯಿತು ಅಂತ ಕೇಳಿದ್ದೆ. ಎರಡೇ ದಿನದಲ್ಲಿ ಉತ್ತರ ಬಂತು.

ಪಕ್ಕದ ಮನೆ ಹುಡುಗಿಯ ಹತ್ತಿರವೂ ಅಂಥದ್ದೊಂದು ಪ್ರಶ್ನೆ ಇತ್ತು, ಅವಳಿಗೇ ಗೊತ್ತಿರಲಿಲ್ಲ. "ನಿಮ್ಮ ತೋಟ ಯಾವಾಗ ಹೂ ಬಿಡುತ್ತೆ?" ಅಂತ ಕೇಳಿದೆ. "ನಮಗೆ ಸ್ಪ್ರಿಂಕ್ಲರ್ ಇಲ್ಲ ಅಕ್ಕ, ಹೂಮಳೆಗೆ ಕಾಯ್ತೀವಿ. ಸ್ಪ್ರಿಂಕ್ಲರ್ ಇರೋ ಪಕ್ಕದವರದ್ದು ಮೊದಲೇ ಅರಳಿರುತ್ತೆ" ಅಂದಳು. ರೋಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ಮೊದಲೆಲ್ಲ ಒಂದು ಮಳೆಗೆ ಎಲ್ಲ ತೋಟ ಒಟ್ಟಿಗೆ ಹೂ ಬಿಟ್ಟು ಊರೇ ಬೆಳ್ಳಗಾಗುತ್ತಿತ್ತು. ಈಗ ತೋಟಕ್ಕೊಂದು ದಿನ. ಹಾಗಾದರೆ ಹೆಜ್ಜೇನು ಯಾವ ತೋಟಕ್ಕೆ ಹೋಗುತ್ತದೆ? ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಕೊಡಗಿಗೆ ಬಂದು ಇದೇ ವಿಷಯದ ಮೇಲೆ ಕೆಲಸ ಮಾಡಿದ್ದಾರೆ. ಫ್ರಾನ್ಸಿನ ಸಿರಾಡ್ ಕೃಷಿ ಸಂಶೋಧನಾ ಸಂಸ್ಥೆಯವರೂ ಪೊನ್ನಂಪೇಟೆ ಕಾಲೇಜಿನ ಜೊತೆ ಸೇರಿ ನಮ್ಮ ಕಾಫಿ ತೋಟಗಳ ಅಧ್ಯಯನ ಮಾಡಿದ್ದಾರೆ. ಅವರು ಸಾವಿರಾರು ಕಿಲೋಮೀಟರ್ ದಾಟಿ ಬಂದು ನೋಡಿದ್ದನ್ನು ನೀವು ಹುಟ್ಟಿದಾಗಿಂದ ನೋಡಿದ್ದೀರಿ, ಅಲ್ವಾ? ಅದನ್ನೇ ಪತ್ರದ ಮೊದಲ ಪ್ಯಾರಾದಲ್ಲಿ ಬರೆಯಿರಿ. ಅಂಕಪಟ್ಟಿ ಹೇಗೂ ಜೊತೆಗೆ ಇರುತ್ತದೆ.

ಇನ್ನೊಂದು ವಿಷಯಕ್ಕೂ ಈಗ ಯುರೋಪಿನಲ್ಲಿ ಕಿವಿ ನೆಟ್ಟಗಾಗುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಇಲ್ಲಿ ಮಾರುವಂತಿಲ್ಲ ಎಂದು ಒಕ್ಕೂಟ 2023ರಲ್ಲಿ ನಿಯಮ ತಂದಿದೆ. ಆ ನಿಯಮದಂತೆ ಕಾಫಿ ಬೆಳೆದ ಜಾಗ ಎಲ್ಲಿದೆ ಎಂದು ತೋರಿಸಬೇಕು. ಮರಗಳ ನಡುವೆಯೇ ಕಾಫಿ ಬೆಳೆಯುವ ನಮ್ಮ ಬಾಣೆ ಜಮೀನುಗಳು ಉಪಗ್ರಹದ ಚಿತ್ರದಲ್ಲಿ ಕಾಡಿನ ಹಾಗೇ ಕಾಣುತ್ತವೆ. ಇದನ್ನು ಬಿಡಿಸಿ ಹೇಳಲು ಊರಿನ ನೆಲ ಗೊತ್ತಿರುವವರೇ ಬೇಕು.

ಊರಿನ ತೋಟದಲ್ಲೇ ಫೀಲ್ಡ್‌ವರ್ಕ್ ಮಾಡುವುದಾದರೆ ಸ್ಯಾಂಪಲ್‌ಗಳನ್ನು ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ವಿದೇಶಿ ಸಂಸ್ಥೆ ಸಂಶೋಧನೆಗೆ ನಮ್ಮ ಗಿಡ, ಬೀಜ, ಸೂಕ್ಷ್ಮಜೀವಿ ಪಡೆಯಲು 2002ರ ಜೀವವೈವಿಧ್ಯ ಕಾಯ್ದೆಯಂತೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಪರವಾನಗಿ ಇಲ್ಲದೆ ಮಣ್ಣನ್ನಂತೂ ಯುರೋಪಿನ ಒಳಗೆ ತರುವಂತಿಲ್ಲ. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಗೈಡ್ ಹತ್ತಿರ ಮಾತಾಡಿ. ಪರೀಕ್ಷೆಗಳನ್ನು ಭಾರತದ ಲ್ಯಾಬಿನಲ್ಲೇ ಮಾಡಿಸುವುದು ಎಷ್ಟೋ ಸಲ ಸುಲಭ.

ಯರವ, ಜೇನುಕುರುಬ ಮನೆಗಳ ಮಕ್ಕಳು ಓದುತ್ತಿದ್ದರೆ ಅವರಿಗೆ ಇದನ್ನು ತಪ್ಪದೆ ತಿಳಿಸಿ: ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವಿದೇಶದಲ್ಲಿ ಓದಲು ವರ್ಷಕ್ಕೆ 20 ಸ್ಕಾಲರ್‌ಶಿಪ್ ಕೊಡುತ್ತದೆ, ಪಿಎಚ್.ಡಿ.ಗೂ ಉಂಟು. ಅದರಲ್ಲಿ 3 ಜೇನುಕುರುಬರಂಥ ಅತಿ ಹಿಂದುಳಿದ ಬುಡಕಟ್ಟುಗಳಿಗೆ ಮೀಸಲು. ಕಾಡನ್ನು ಅವರಷ್ಟು ಬಲ್ಲವರು ನಮ್ಮಲ್ಲಿ ಯಾರಿದ್ದಾರೆ?

ಪತ್ರಕ್ಕೆ ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಸಲ ಬರೆಯಿರಿ. ಕಳಿಸುವ ಮುಂಚೆ ಯಾರಿಗಾದರೂ ತೋರಿಸಬೇಕು ಅನಿಸಿದರೆ ನನಗೆ ತೋರಿಸಿ. ಬರುವ ಜನವರಿಯಲ್ಲೂ ಕೊಯ್ಲಿಗೆ ಊರಲ್ಲೇ ಇರುತ್ತೇನೆ.