ಜಿಮ್‌ಗೆ ಸೇರಿದ ಮೇಲೂ ವೀಣೆ, ಕುಂಚ ಬಿಡದಿರಲು ಹೀಗೆ ಮಾಡಿ

ಹೊಸದಾಗಿ ಜಿಮ್ ಸೇರಿದವರ ಮನೆಯಲ್ಲಿ ವೀಣೆಗೆ ಗವಸು ಬೀಳುವುದು, ಬಣ್ಣದ ಟ್ಯೂಬು ಒಣಗುವುದು ಸಾಮಾನ್ಯವಾಗಿ ಮೂರನೇ ವಾರದಲ್ಲಿ. 'ಟೈಮೇ ಸಿಗಲ್ಲ' ಎನ್ನುವುದು ಎಲ್ಲರ ಉತ್ತರ. ಅರ್ಧ ನಿಜ. ಉಳಿದರ್ಧ ಮುಂಗೈಯಲ್ಲಿದೆ: ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಪುಲ್-ಅಪ್, ಡಂಬೆಲ್ ರೋ (ಬಾಗಿ ನಿಂತು ಡಂಬೆಲನ್ನು ಪಕ್ಕೆಯತ್ತ ಎಳೆಯುವುದು) ಮಾಡುವಾಗ ಕಂಬಿಯನ್ನು ಬಿಗಿಹಿಡಿಯುವ ಸ್ನಾಯುಗಳೇ ಗಮಕಕ್ಕೆ, ಅಂದರೆ ಸ್ವರವನ್ನು ಬಳುಕಿಸಲು, ತಂತಿ ಎಳೆಯುವುದು, ಮೈಸೂರು ಶೈಲಿಯ ಚಿತ್ರದಲ್ಲಿ ಕೂದಲೆಳೆಯಂಥ ಗೆರೆ ಬಿಡಿಸುವುದು. ಅವು ದಣಿದಾಗ ಕೈ ಸಣ್ಣಗೆ ನಡುಗುತ್ತದೆ. ಸ್ವರ ಅಪಸ್ವರವಾಗುತ್ತದೆ, ಗೆರೆ ಒಡೆಯುತ್ತದೆ, 'ನನಗೆ ಕೈ ಹೋಯ್ತು' ಅಂದುಕೊಂಡು ಹವ್ಯಾಸವನ್ನೇ ಬಿಡುತ್ತಾರೆ.

ಆದ್ದರಿಂದ ಮೊದಲು ಸರಿಪಡಿಸಬೇಕಾದ್ದು ಕ್ರಮ. ಒಂದೇ ಬೆಳಗ್ಗೆ ಎರಡೂ ಇದ್ದರೆ ಸೂಕ್ಷ್ಮ ಕೆಲಸ ಮೊದಲು, ಭಾರ ಎತ್ತುವುದು ಆಮೇಲೆ. 5.30ಕ್ಕೆ ಎದ್ದು 25 ನಿಮಿಷ ಸರಳೆ, ಜಂಟಿವರಸೆ, ಒಂದು ವರ್ಣ, 6.15ಕ್ಕೆ ಜಿಮ್. ಬೆಳಗ್ಗೆ ಜಿಮ್ ಮಾತ್ರ ಸಾಧ್ಯವೆನ್ನುವವರು ಹವ್ಯಾಸದ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ. ಗೆರೆ, ಗೆಸ್ಸೋ (ಚಿನ್ನದ ರೇಕಿನಡಿಯ ಉಬ್ಬು ಕೆಲಸ), ಚಿನ್ನದ ರೇಕು, ಕಸೂತಿಯ ಎಳೆ ಎಣಿಕೆ, ವೇಗದ ಕಾಲ, ಇವು ಬಿಡುವಿನ ದಿನಕ್ಕೆ. ಹಿನ್ನೆಲೆಗೆ ಬಣ್ಣ ತುಂಬುವುದು, ಕ್ಯಾನ್ವಾಸಿಗೆ ಪ್ರೈಮರ್ ಬಳಿಯುವುದು, ತಂತಿ ಬದಲಿಸುವುದು, ಸ್ವರಲಿಪಿ ಬರೆದುಕೊಳ್ಳುವುದು, ಇವು ಜಿಮ್ ಮುಗಿಸಿದ ದಿನದ ಸಂಜೆಗೆ.

ಮೈಕೈ ನೋವಿನ ಲೆಕ್ಕವೂ ಗೊತ್ತಿರಬೇಕು. ಭಾರವನ್ನು ಇಳಿಸುವಾಗ ಸ್ನಾಯು ಬಿಗಿಯಾಗಿಯೇ ಉದ್ದವಾಗುತ್ತದೆ. ಅಭ್ಯಾಸವಿಲ್ಲದವರಿಗೆ ನೋವು ಬರುವುದು ಮುಖ್ಯವಾಗಿ ಅಲ್ಲಿಂದ. ಅದು ಅವತ್ತೇ ಕಾಣುವುದಿಲ್ಲ, 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ. ಶನಿವಾರ ಬೆಳಗ್ಗೆ ಪಾಠವಿದ್ದು ಗುರುವಾರ ರೋ ಹೊಡೆದರೆ ಗುರುಗಳ ಮುಂದೆ ಪೇಚು ಖಚಿತ.

ಶನಿವಾರ ಪಾಠವಿರುವವರಿಗೆ ವಾರ ಹೀಗೆ ಕೂರುತ್ತದೆ: ಭಾನುವಾರ ಮತ್ತು ಬುಧವಾರ ಇಡೀ ಮೈಗೆ ವ್ಯಾಯಾಮ, 45 ನಿಮಿಷ. ಸೋಮ, ಗುರು, ಶುಕ್ರ ತಲಾ 50 ನಿಮಿಷ ಬಿರುಸಿನ ನಡಿಗೆ. ಮಂಗಳವಾರ ಪೂರ್ತಿ ಹವ್ಯಾಸಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ 150 ನಿಮಿಷದ ಮಧ್ಯಮ ಶ್ರಮ, ಎರಡು ದಿನ ಸ್ನಾಯು ಬಲದ ವ್ಯಾಯಾಮ, ಎರಡೂ ಇದರಲ್ಲಿ ಬಂದವು. ವಾರಕ್ಕೆ ಆರು ದಿನ ಬನ್ನಿ ಎನ್ನುವ ಟ್ರೈನರ್‌ಗೆ ಮೊದಲ ಎರಡು ತಿಂಗಳು ನಗುತ್ತಲೇ ಇಲ್ಲವೆನ್ನಿ.

ಆ ಎರಡು ದಿನ ಸ್ಕ್ವಾಟ್, ಪುಷ್-ಅಪ್ (ಆಗದಿದ್ದರೆ ಮೇಜಿನ ಅಂಚಿಗೆ ಕೈಕೊಟ್ಟು), ಸೊಂಟ ಬಾಗಿಸಿ ಹಗುರ ಡೆಡ್‌ಲಿಫ್ಟ್, 20-30 ಸೆಕೆಂಡಿನ ಪ್ಲ್ಯಾಂಕ್ (ಮೊಣಕೈ ಊರಿ ಮೈಯನ್ನು ನೆಟ್ಟಗೆ ಹಿಡಿಯುವುದು), ಕೊನೆಗೆ ಡಂಬೆಲ್ ರೋ. ಮೊದಲ ಎರಡು ವಾರ ಒಂದೊಂದಕ್ಕೂ ಎರಡೇ ಸೆಟ್, ಪ್ಲ್ಯಾಂಕ್ ಬಿಟ್ಟು ಉಳಿದವು ಸೆಟ್ಟಿಗೆ 10 ಬಾರಿ. ಇನ್ನೂ ಮೂರು ಸಲ ಆಗುತ್ತಿತ್ತು ಅನ್ನಿಸುವಾಗಲೇ ನಿಲ್ಲಿಸಿ. ಬುಧವಾರ ರೋ ಒಂದು ಸೆಟ್ ಸಾಕು. ಭಾರ ಏರಿದ ಮೇಲೆ ಬೆರಳ ಹಿಡಿತದ ಹೊರೆ ಇಳಿಸುವ ಪಟ್ಟಿಯನ್ನು, ಅಂದರೆ ಲಿಫ್ಟಿಂಗ್ ಸ್ಟ್ರ್ಯಾಪನ್ನು, ಮಣಿಕಟ್ಟಿಗೆ ಸುತ್ತಿಕೊಳ್ಳಿ. ಜಿಮ್ಮಿನಲ್ಲಿ ಯಾರಾದರೂ ಅದನ್ನು ಮೋಸವೆಂದರೆ ಅವರಿಗೆ ವೀಣೆ ಬಾರಿಸಲಿಕ್ಕಿಲ್ಲ ಎಂದುಕೊಂಡು ಸುಮ್ಮನಾಗಿ.

ಸ್ಕ್ವಾಟ್ ಮಾಡಿದ ಮರುದಿನ ಚಕ್ಕಳಮಕ್ಕಳ ಕೂರುವುದು ಶಿಕ್ಷೆ. ಜಮಖಾನೆ ಮಡಿಸಿ ಎರಡು-ಮೂರು ಇಂಚು ಎತ್ತರ ಮಾಡಿ ಪೃಷ್ಠದ ಕೆಳಗಿಟ್ಟುಕೊಂಡರೆ ತೊಡೆಸಂದಿನ ಎಳೆತ ಕಡಿಮೆಯಾಗುತ್ತದೆ, ಬೆನ್ನೂ ಗೂನಾಗುವುದಿಲ್ಲ. ಇನ್ನು ಈಜುವವರು: ನೀರಿನಲ್ಲಿ ಬೆರಳ ತುದಿಯ ಜಡ್ಡು ಮೆತ್ತಗಾಗುತ್ತದೆ, ಆಗಲೇ ತಂತಿ ಒತ್ತಿದರೆ ಚರ್ಮ ಕಿತ್ತುಬರುತ್ತದೆ. ಚೆನ್ನಾಗಿ ಒಣಗಿದ ಮೇಲೆ, ಸಾಧ್ಯವಾದರೆ ಕೆಲವು ಗಂಟೆ ಬಿಟ್ಟು ವಾದ್ಯ ಮುಟ್ಟಿ.

ಹಾಡುವವರ ತೊಂದರೆ ಬೇರೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಗಂಟಲಲ್ಲಿ ಸ್ವರತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. 'ಹಾ' ಎಂದು ಕೂಗುತ್ತ ಎತ್ತುವವರಿಗೆ ಗಂಟಲು ಒರಟಾಗುವುದು ಹೀಗೆಯೇ. ಕೂಗಬೇಡಿ, ಎತ್ತುವಾಗ ಉಸಿರನ್ನು ನಿಧಾನ ಬಿಡಿ, ಹಾಗೆ ಎತ್ತಲಾಗದ ಭಾರ ನಿಮಗಲ್ಲ. ಓಡಿ ಬಂದ ತಕ್ಷಣ ತಾರಸ್ಥಾಯಿಗೆ ಹೋಗದೆ ನೀರು ಕುಡಿದು ಅರ್ಧ ಗಂಟೆ ಕಳೆಯಿರಿ. ಭರತನಾಟ್ಯದವರು ಅರೆಮಂಡಿಯ ಕ್ಲಾಸನ್ನೇ ಕಾಲಿನ ವ್ಯಾಯಾಮವೆಂದು ಲೆಕ್ಕ ಹಿಡಿದು ಅವತ್ತು ಸ್ಕ್ವಾಟ್ ಬಿಡಬೇಕು. ಇಲ್ಲವಾದರೆ ಮಂಡಿಗೆ ಎರಡು ಪಾಳಿ.

ಸ್ಕೆಚ್ ಮಾಡುವವರಿಗೆ ಬೆಂಗಳೂರು ಅನುಕೂಲದ ಊರು. ಲಾಲ್‌ಬಾಗ್ 240 ಎಕರೆ. ಗಾಜಿನ ಮನೆಯ ಕಂಬಗಳು, ಬಂಡೆಯ ಮೇಲಿನ ಕೆಂಪೇಗೌಡ ಗೋಪುರ ಪೆನ್ನಿಗೆ ಒಳ್ಳೆಯ ವಸ್ತು. ಆದರೆ ನಡೆದು ನಿಂತು, ಬರೆದು ಮತ್ತೆ ನಡೆದರೆ ಎದೆಬಡಿತ ಪ್ರತಿ ಸಲ ಇಳಿದುಹೋಗುತ್ತದೆ, ನಡಿಗೆಯ ಬಿರುಸು ಉಳಿಯುವುದಿಲ್ಲ. ಮೊದಲು ನಡಿಗೆ ಮುಗಿಸಿ, ಆಮೇಲೆ ಬಂಡೆಯ ಮೇಲೆ 20 ನಿಮಿಷ ಕೂತು ಬರೆಯಿರಿ. ಎ5 ಪುಸ್ತಕ, ಒಂದು ಪೆನ್ನು ಸಾಕು. ಜಲವರ್ಣದ ಡಬ್ಬಿ, ಸ್ಟೂಲು ಹೊತ್ತರೆ ನಡಿಗೆಯೇ ನಿಧಾನವಾಗುತ್ತದೆ.

ಸಮಯದ ಮಾತಿಗೆ ಬಂದರೆ, ಗಿರಿನಗರದಲ್ಲಿ ಮನೆ, ಇಂದಿರಾನಗರದಲ್ಲಿ ಜಿಮ್, ಮಲ್ಲೇಶ್ವರದಲ್ಲಿ ಪಾಠ ಎಂದಿದ್ದರೆ ಯಾವ ವೇಳಾಪಟ್ಟಿಯೂ ಉಳಿಯದು. ಪಾಠಕ್ಕೆ ಗುರುಗಳು ಇರುವಲ್ಲಿಗೇ ಹೋಗಬೇಕು, ಜಿಮ್‌ಗೆ ಹಾಗಿಲ್ಲ; ಮನೆಯಿಂದ 15 ನಿಮಿಷದ ನಡಿಗೆಯೊಳಗೆ ಸಿಗುವುದನ್ನು ಹಿಡಿಯಿರಿ, ಮೆಷಿನ್ ಹಳೆಯದಾದರೂ ಪರವಾಗಿಲ್ಲ. ವರ್ಷದ ಆಫರಿಗೆ ಮರುಳಾಗದೆ ತಿಂಗಳ ಫೀಸು ಕಟ್ಟಿ ನೋಡಿ.

ವ್ಯಾಯಾಮಕ್ಕೆ ಮುನ್ನ ಕುಡಿಯುವ ಪ್ರೀ-ವರ್ಕೌಟ್ ಪುಡಿ ಚಿತ್ರಕಾರರಿಗೆ ಬೇಡವೇ ಬೇಡ. ಅದರಲ್ಲಿನ ಹೆಚ್ಚು ಕೆಫೀನ್ ಕೈ ನಡುಗಿಸುತ್ತದೆ. ಬೆಳಗ್ಗೆ ಒಂದು ಲೋಟ ಫಿಲ್ಟರ್ ಕಾಫಿ ಸಾಕು. ಸಂಜೆ ನಾಲ್ಕರ ಮೇಲಿನ ಕಾಫಿಯೂ ಬೇಡ, ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. 5.30ಕ್ಕೆ ಏಳುವವರು ರಾತ್ರಿ ಹತ್ತಕ್ಕೆ ಕುಂಚ ತೊಳೆದಿಡಬೇಕು.

ಬೆರಳು ಜೋಮು ಹಿಡಿದರೆ, ಹೆಬ್ಬೆರಳಿನ ಬುಡದಲ್ಲಿ ಚುಚ್ಚುವಂಥ ನೋವು ಬಂದರೆ ಅದು ಮಾಮೂಲಿ ಮೈಕೈ ನೋವಲ್ಲ. ಜಿಮ್, ಹವ್ಯಾಸ ಎರಡೂ ನಿಲ್ಲಿಸಿ ಫಿಸಿಯೋಥೆರಪಿಸ್ಟರಿಗೆ ತೋರಿಸಿ.

ಚಿತ್ರಸಂತೆಗೆ ಚಿತ್ರ ಮುಗಿಸಬೇಕಿದ್ದರೆ, ರಾಮನವಮಿಗೆ ಕಛೇರಿ ಇದ್ದರೆ, ಕೊನೆಯ ಏಳು ದಿನ ಸೆಟ್‌ಗಳನ್ನು ಅರ್ಧಕ್ಕಿಳಿಸಿ, ಹೊಸ ವ್ಯಾಯಾಮ ಯಾವುದನ್ನೂ ಶುರು ಮಾಡಬೇಡಿ, ಕೊನೆಯ ರೋ ನಾಲ್ಕು ದಿನ ಮೊದಲೇ ಮುಗಿದಿರಲಿ. ನಡಿಗೆ ಎಂದಿನಂತೆ ನಡೆಯಲಿ. ಕಾರ್ಯಕ್ರಮ ಮುಗಿದು ಮತ್ತೆ ಜಿಮ್‌ಗೆ ಹೋದ ಮೊದಲ ದಿನ ಹಿಂದಿನ ಭಾರಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಡಂಬೆಲ್ ಎತ್ತಿಕೊಳ್ಳಿ.